ಐಟಿ ವೃತ್ತಿಯ ಆರಂಭದಲ್ಲಿ ಮೊದಲ ಸರ್ಟಿಫಿಕೇಶನ್ ಆರಿಸುವ ಕ್ರಮ

ಬಿಇ, ಬಿಸಿಎ ಅಥವಾ ಡಿಪ್ಲೊಮಾ ಮುಗಿಸಿ ಐಟಿ ಕೆಲಸ ಹುಡುಕುತ್ತಿರುವವರೂ, ಕೆಲಸಕ್ಕೆ ಸೇರಿ ಒಂದೆರಡು ವರ್ಷ ಕಳೆದವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಯಾವ ಸರ್ಟಿಫಿಕೇಶನ್ ಮಾಡಿದರೆ ಒಳ್ಳೆಯದು? ಕೇಳುವವರು ಯಾರು, ಅವರು ಯಾವ ಕೆಲಸ ಮಾಡಬಯಸುತ್ತಾರೆ ಎಂಬುದನ್ನು ವಿಚಾರಿಸದೆ ಈ ಪ್ರಶ್ನೆಗೆ ಉತ್ತರ ಕೊಡುವವರ ಮಾತನ್ನು ನೆಚ್ಚಿಕೊಳ್ಳಬಾರದು. ಪರೀಕ್ಷೆಯ ಶುಲ್ಕ ಆರಂಭದ ಸಂಬಳದಲ್ಲಿ ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತದೆ. ಕೆಲಸ ಮುಗಿಸಿ ಬಂದ ಮೇಲೆ ಉಳಿಯುವ ಸಂಜೆಗಳು ತಿಂಗಳುಗಟ್ಟಲೆ ಅದಕ್ಕೇ ಹೋಗುತ್ತವೆ. ಮುಂದಿನ ಎರಡು ವರ್ಷ ಯಾವ ಕೆಲಸದಲ್ಲಿರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಕೆಲಸವನ್ನು ಕೈಯಾರೆ ಮಾಡಿಸಿ ಕಲಿಸುವ ಒಂದೇ ಒಂದು ಪರೀಕ್ಷೆಯನ್ನು ಆರಿಸಿಕೊಳ್ಳುವುದು ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಆಯ್ಕೆಯನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಪ್ರಮಾಣಪತ್ರ ಎಲ್ಲಿ ಕೆಲಸಕ್ಕೆ ಬರುತ್ತದೆ

ಪ್ರಮಾಣಪತ್ರಗಳಲ್ಲಿ ಎರಡು ಬಗೆಗಳಿವೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್, ಕೋರ್ಸೆರಾ ಮುಂತಾದ ಕಡೆ ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಪತ್ರ ಮೊದಲನೆಯದು. ಸಿಸ್ಕೋ, ಅಮೆಜಾನ್, ಮೈಕ್ರೋಸಾಫ್ಟ್, ರೆಡ್ ಹ್ಯಾಟ್‌ನಂತಹ ಕಂಪನಿಗಳು ಅಥವಾ ತಂತ್ರಾಂಶ ಪರೀಕ್ಷಕರ ಐಎಸ್‌ಟಿಕ್ಯೂಬಿಯಂತಹ ವೃತ್ತಿ ಮಂಡಳಿಗಳು ಮೇಲ್ವಿಚಾರಕರ ಕಣ್ಣೆದುರು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸಿಗುವುದು ಎರಡನೆಯದು. ಎನ್‌ಪಿಟಿಇಎಲ್‌ನಲ್ಲಿ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ ಇದ್ದರೂ ಅದು ಕಾಲೇಜಿನ ವಿಷಯಜ್ಞಾನವನ್ನು ಅಳೆಯುತ್ತದೆ. ನಿರ್ದಿಷ್ಟ ಉದ್ಯೋಗದ ಕೆಲಸವನ್ನಲ್ಲ. ಮೊದಲ ಬಗೆಯ ಪತ್ರಗಳು ಕಲಿಕೆಗೆ ಒಳ್ಳೆಯವು, ಬಹಳಷ್ಟು ಉಚಿತವೂ ಹೌದು. ಆದರೆ ಉದ್ಯೋಗದ ಜಾಹೀರಾತಿನಲ್ಲಿ ಸರ್ಟಿಫಿಕೇಶನ್ ಬೇಕೆಂದು ಬರೆದಿದ್ದರೆ ಅಲ್ಲಿ ಕೇಳುತ್ತಿರುವುದು ಎರಡನೆಯ ಬಗೆಯದನ್ನು.

ಈ ಎರಡನೆಯ ಬಗೆಯ ಪತ್ರ ಮೂರು ಕಡೆ ನೆರವಾಗುತ್ತದೆ. ನೂರಾರು ರೆಸ್ಯೂಮೆಗಳನ್ನು ಜರಡಿ ಹಿಡಿಯುವ ನೇಮಕಾತಿ ವಿಭಾಗದವರ ಕಣ್ಣಿಗೆ ನಿಮ್ಮ ಹೆಸರು ಬೀಳುವಂತೆ ಮಾಡುವುದು ಮೊದಲನೆಯದು. ಓದಿಗೆ ಒಂದು ಚೌಕಟ್ಟನ್ನೂ ಗಡುವನ್ನೂ ಕೊಡುವುದು ಎರಡನೆಯದು. ಮೂರನೆಯದು ಹೊಸಬರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ, ಬೆಂಗಳೂರಿನಂತಹ ಊರಿನಲ್ಲಿ ಅದರ ತೂಕ ದೊಡ್ಡದು. ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ತಮ್ಮ ಪಾಲುದಾರ ಕಂಪನಿಗಳಿಗೆ ದರ್ಜೆಗಳನ್ನು ಕೊಡುತ್ತವೆ. ಆ ದರ್ಜೆ ಸಿಗಬೇಕಾದರೆ ಕಂಪನಿಯಲ್ಲಿ ಇಂತಿಷ್ಟು ಮಂದಿ ಸರ್ಟಿಫೈಡ್ ಉದ್ಯೋಗಿಗಳು ಇರಲೇಬೇಕೆಂಬ ನಿಯಮವಿದೆ. ಹೀಗಾಗಿ ಕ್ಲೌಡ್ (ಅಂತರಜಾಲದ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ) ಯೋಜನೆಗಳನ್ನು ಗುತ್ತಿಗೆ ಪಡೆದು ಮಾಡಿಕೊಡುವ ಸೇವಾ ಕಂಪನಿಗೆ ನಿಮ್ಮ ಪ್ರಮಾಣಪತ್ರ ಸ್ವತಃ ಬೇಕಾಗಿರುತ್ತದೆ. ಹಲವು ಕಂಪನಿಗಳು ಪರೀಕ್ಷೆಯ ಶುಲ್ಕವನ್ನು ತಾವೇ ಭರಿಸುವುದಕ್ಕೆ ಇದೂ ಒಂದು ಕಾರಣ. ನೀವು ಈಗಾಗಲೇ ಕೆಲಸದಲ್ಲಿದ್ದರೆ ನಿಮ್ಮ ಜೇಬಿನಿಂದ ಹಣ ಹಾಕುವ ಮುನ್ನ ಮ್ಯಾನೇಜರನ್ನೋ ತರಬೇತಿ ವಿಭಾಗವನ್ನೋ ವಿಚಾರಿಸಿ. ತೇರ್ಗಡೆಯಾದರೆ ಮಾತ್ರ ಹಣ ವಾಪಸೇ, ಇಷ್ಟು ತಿಂಗಳು ಕೆಲಸ ಬಿಡಬಾರದೆಂಬ ಷರತ್ತಿದೆಯೇ ಎಂಬುದನ್ನು ಬರಹದಲ್ಲಿ ತಿಳಿದುಕೊಳ್ಳಿ.

ಸಂದರ್ಶನದ ಕೋಣೆಯಲ್ಲಿ ಮಾತ್ರ ಈ ಪತ್ರದ ಬಲ ಬೇಗ ಕರಗುತ್ತದೆ. ಸಂದರ್ಶಕರು ಮೊದಲ ಐದು ನಿಮಿಷದಲ್ಲೇ ನೀವು ಓದಿ ಬಂದವರೋ ಮಾಡಿ ಬಂದವರೋ ಎಂಬುದನ್ನು ಗುರುತಿಸುತ್ತಾರೆ. ರೆಸ್ಯೂಮೆಯಲ್ಲಿ ಐದು ಬ್ಯಾಡ್ಜ್‌ಗಳಿದ್ದು ಒಂದು ಸರ್ವರ್ ಏಕೆ ಪಿಂಗ್‌ಗೆ ಉತ್ತರಿಸುತ್ತಿಲ್ಲ ಎಂದು ಹುಡುಕಲು ಬಾರದಿದ್ದರೆ ಆ ಬ್ಯಾಡ್ಜ್‌ಗಳೇ ಅನುಮಾನಕ್ಕೆ ಎಡೆಮಾಡುತ್ತವೆ.

ಜಾಹೀರಾತುಗಳಿಂದ ಆರಂಭಿಸಿ

ಆಯ್ಕೆಯ ಮೊದಲ ಹೆಜ್ಜೆಗೆ ಹಣ ಬೇಕಾಗಿಲ್ಲ. ನೌಕ್ರಿ ಅಥವಾ ಲಿಂಕ್ಡ್‌ಇನ್‌ನಲ್ಲಿ ನೀವು ಹೋಗಿ ನೆಲೆಸಲು ಸಿದ್ಧರಿರುವ ಊರನ್ನು ಆಯ್ದು, ಅನುಭವವನ್ನು ಸೊನ್ನೆಯಿಂದ ಮೂರು ವರ್ಷಕ್ಕೆ ಸೀಮಿತಗೊಳಿಸಿ, ನಿಮಗೆ ಇಷ್ಟವಾದ ಹುದ್ದೆಯ ಸುಮಾರು ಮೂವತ್ತು ಜಾಹೀರಾತುಗಳನ್ನು ಪೂರ್ತಿಯಾಗಿ ಓದಿ. ಪ್ರತಿಯೊಂದರಲ್ಲೂ ಯಾವ ತಂತ್ರಜ್ಞಾನವನ್ನು ಕೇಳಿದ್ದಾರೆ, ಯಾವ ಸರ್ಟಿಫಿಕೇಶನ್ ಹೆಸರಿಸಿದ್ದಾರೆ, ಅದು ಕಡ್ಡಾಯವೋ ಇದ್ದರೆ ಒಳ್ಳೆಯದೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಅದೇ ಕೆಲಸವನ್ನು ಮೈಸೂರು, ಮಂಗಳೂರು ಅಥವಾ ಹುಬ್ಬಳ್ಳಿಗೂ ಮಾಡಿ ನೋಡಿದರೆ ಹುದ್ದೆಗಳ ಸಂಖ್ಯೆಯಲ್ಲೂ ಸ್ವರೂಪದಲ್ಲೂ ಇರುವ ವ್ಯತ್ಯಾಸ ಕಾಣಿಸುತ್ತದೆ. ಯಾವುದೇ ಅಂತರಜಾಲದ ಪಟ್ಟಿಗಿಂತ ನಿಮ್ಮ ಆ ಒಂದು ಹಾಳೆ ಹೆಚ್ಚು ನಂಬಿಕೆಗೆ ಅರ್ಹ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಗ್ಲಿಷಿನಲ್ಲಿ ಸಿಗುವ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಅಮೆರಿಕದ ಓದುಗರಿಗಾಗಿ ಬರೆದವು. ಅವುಗಳಲ್ಲಿ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಮತ್ತು ಸೆಕ್ಯುರಿಟಿ ಪ್ಲಸ್ ಮೊದಲ ಸಾಲಿನಲ್ಲಿರುತ್ತವೆ. ಅಲ್ಲಿ ಅದು ಸರಿಯೇ, ಏಕೆಂದರೆ ಅಮೆರಿಕದ ರಕ್ಷಣಾ ಇಲಾಖೆಯು ತನ್ನ ಸೈಬರ್ ಹುದ್ದೆಗಳಿಗೂ ಗುತ್ತಿಗೆದಾರರಿಗೂ ಒಪ್ಪುವ ಅರ್ಹತೆಗಳಲ್ಲಿ ಸೆಕ್ಯುರಿಟಿ ಪ್ಲಸ್ ಸೇರಿದೆ. ಭಾರತದಲ್ಲಿ ಆ ನಿಯಮದ ಒತ್ತಡ ಇಲ್ಲ. ಇಲ್ಲಿನ ಆರಂಭಿಕ ಹುದ್ದೆಗಳ ಜಾಹೀರಾತುಗಳಲ್ಲಿ ಸಿಸ್ಕೋದ ನೆಟ್‌ವರ್ಕ್ ಪರೀಕ್ಷೆ ಸಿಸಿಎನ್‌ಎ, ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್, ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್ ಮತ್ತು ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಹೆಸರುಗಳು ಎದ್ದು ಕಾಣುತ್ತವೆ. ಎ ಪ್ಲಸ್‌ನ ಪಠ್ಯ ಕಂಪ್ಯೂಟರಿನ ಮೂಲಪಾಠಗಳನ್ನು ಚೆನ್ನಾಗಿ ಕಲಿಸುತ್ತದೆ, ಅದನ್ನು ಓದುವುದರಿಂದ ನಷ್ಟವಿಲ್ಲ. ಆದರೆ ಆ ಪ್ರಮಾಣಪತ್ರಕ್ಕೆ ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಶುಲ್ಕ ಕಟ್ಟಿ ಬರೆಯಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಊರಿನ ಹೊಸಬರಿಗೆ ನಾನು ಅದನ್ನು ಸೂಚಿಸಲಾರೆ. ಅಮೆರಿಕಕ್ಕೋ ಬ್ರಿಟನ್ನಿಗೋ ಹೋಗಿ ನೆಲೆಸುವ ಕನ್ನಡಿಗರು ಆ ದೇಶದ ಜಾಹೀರಾತುಗಳನ್ನೇ ಓದಿ ನಿರ್ಧರಿಸಬೇಕು.

ಕೆಲಸದ ದಾರಿಗಳು

ನೆಟ್‌ವರ್ಕ್ ಕಡೆಗೆ ಒಲವಿದ್ದವರಿಗೆ ಆಯ್ಕೆ ಸುಲಭ: ಸಿಸ್ಕೋದ ಸಿಸಿಎನ್‌ಎ. 2020ರ ಫೆಬ್ರುವರಿಯಲ್ಲಿ ಸಿಸ್ಕೋ ತನ್ನ ಹಲವು ಕವಲುಗಳ ಸಿಸಿಎನ್‌ಎಗಳನ್ನು ಒಟ್ಟುಗೂಡಿಸಿ 200-301 ಎಂಬ ಒಂದೇ ಪರೀಕ್ಷೆಯನ್ನಾಗಿ ಮಾಡಿತು. ಅದಕ್ಕೆ ಯಾವ ಪೂರ್ವ ಅರ್ಹತೆಯೂ ಬೇಕಿಲ್ಲ. ಎರಡು ಗಂಟೆಯ ಈ ಪರೀಕ್ಷೆಯಲ್ಲಿ ಐಪಿ ರೂಟಿಂಗ್‌ಗೆ ಕಾಲು ಭಾಗ ಅಂಕಗಳಿವೆ. ಸಬ್‌ನೆಟ್ಟಿಂಗ್ (ನೆಟ್‌ವರ್ಕ್ ವಿಳಾಸಗಳನ್ನು ಸಣ್ಣ ಗುಂಪುಗಳಾಗಿ ವಿಭಜಿಸುವುದು), ವಿಲ್ಯಾನ್, ಓಎಸ್‌ಪಿಎಫ್, ಆಕ್ಸೆಸ್ ಲಿಸ್ಟ್, ನ್ಯಾಟ್ ಎಂಬ ನೆಟ್‌ವರ್ಕ್ ವಿಷಯಗಳೆಲ್ಲವೂ ಬರುತ್ತವೆ. ಸಬ್‌ನೆಟ್ಟಿಂಗ್ ಲೆಕ್ಕವನ್ನು ಕಾಗದವಿಲ್ಲದೆ ಮನಸ್ಸಿನಲ್ಲೇ ಮಾಡುವಷ್ಟು ಅಭ್ಯಾಸ ಬೇಕು. ಅಭ್ಯಾಸಕ್ಕೆ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುವುದರಿಂದ ರೂಟರ್, ಸ್ವಿಚ್‌ಗಳನ್ನು ಕೊಳ್ಳಬೇಕಾಗಿಲ್ಲ. ಕ್ಲೌಡ್‌ಗೋ ಸೆಕ್ಯುರಿಟಿಗೋ ಮುಂದೆ ಹೋಗುವವರಿಗೂ ಈ ಓದು ವ್ಯರ್ಥವಾಗದು, ಏಕೆಂದರೆ ಆ ಎರಡೂ ಕ್ಷೇತ್ರಗಳಲ್ಲಿ ಎದುರಾಗುವ ತೊಂದರೆಗಳ ಬೇರು ಎಷ್ಟೋ ಸಲ ನೆಟ್‌ವರ್ಕ್‌ನಲ್ಲೇ ಇರುತ್ತದೆ.

ಸರ್ವರ್ ನಿರ್ವಹಣೆ, ಡೆವ್‌ಆಪ್ಸ್ (ತಂತ್ರಾಂಶ ಕಟ್ಟುವ ಮತ್ತು ನಡೆಸುವ ಕೆಲಸಗಳನ್ನು ಜೋಡಿಸುವುದು) ಅಥವಾ ಕ್ಲೌಡ್ ಸಪೋರ್ಟ್ ಕೆಲಸ ಬಯಸುವವರಿಗೆ ನನ್ನ ಮೊದಲ ಸಲಹೆ ರೆಡ್ ಹ್ಯಾಟ್‌ನ ಲಿನಕ್ಸ್ ನಿರ್ವಹಣೆಯ ಪರೀಕ್ಷೆ ಆರ್‌ಎಚ್‌ಸಿಎಸ್‌ಎ. ಇದರಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳೇ ಇಲ್ಲ. ನಿಜವಾದ ಲಿನಕ್ಸ್ ಯಂತ್ರಗಳನ್ನು ಮುಂದಿಟ್ಟು ಬಳಕೆದಾರರನ್ನು ಸೇರಿಸಿ, ಡಿಸ್ಕ್ ವಿಸ್ತರಿಸಿ, ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ತೊಡಕನ್ನು ಬಿಡಿಸಿ ಎಂದು ಕೆಲಸಗಳನ್ನೇ ಒಪ್ಪಿಸುತ್ತಾರೆ. 300 ಅಂಕಗಳಲ್ಲಿ 210 ಪಡೆಯಬೇಕು. ಯಂತ್ರವನ್ನು ರೀಬೂಟ್ ಮಾಡಿದ ಮೇಲೂ ನೀವು ಮಾಡಿದ ಬದಲಾವಣೆ ಉಳಿದಿದ್ದರೆ ಮಾತ್ರ ಅಂಕ ಸಿಗುತ್ತದೆ. ನಿಜವಾದ ಡೇಟಾ ಸೆಂಟರ್‌ನಲ್ಲಿ ಇರುವ ಕಟ್ಟುನಿಟ್ಟೂ ಇದೇ ಆದ್ದರಿಂದ ಈ ಪರೀಕ್ಷೆ ದಾಟಿದವರ ಬಗ್ಗೆ ಸಂದರ್ಶಕರಿಗೆ ಭರವಸೆ ಮೂಡುತ್ತದೆ. ಹಲವು ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ನಡೆಸುವ ವ್ಯವಸ್ಥೆಯಾದ ಕುಬರ್ನೆಟೀಸ್‌ನ ಸಿಕೆಎ ಪರೀಕ್ಷೆಯೂ ಇದೇ ಮಾದರಿಯದು: ಎರಡು ಗಂಟೆ ಕಾಲ ಟರ್ಮಿನಲ್‌ನಲ್ಲೇ ಕೆಲಸ, ಶೇ 66 ಅಂಕ, ಮೊದಲ ಸಲ ಸೋತರೆ ಹೆಚ್ಚುವರಿ ಶುಲ್ಕವಿಲ್ಲದೆ ಇನ್ನೊಂದು ಅವಕಾಶ. ಆದರೆ ಲಿನಕ್ಸ್ ಕೈಗೆ ಹತ್ತದೆ ಸಿಕೆಎಗೆ ಕೈಹಾಕಬಾರದು.

ಕ್ಲೌಡ್ ಆಯ್ಕೆಯಲ್ಲಿ ಅಮೆಜಾನ್ ಮೇಲೋ ಮೈಕ್ರೋಸಾಫ್ಟ್ ಮೇಲೋ ಎಂಬ ಚರ್ಚೆಯಲ್ಲಿ ಸಮಯ ಕಳೆಯುವುದು ಬೇಡ. ನಿಮ್ಮ ಜಾಹೀರಾತಿನ ಹಾಳೆಯಲ್ಲಿ ಯಾವುದು ಹೆಚ್ಚು ಸಲ ಬಂದಿದೆಯೋ, ಅಥವಾ ಈಗಿನ ನಿಮ್ಮ ಯೋಜನೆಯಲ್ಲಿ ಯಾವುದು ಬಳಕೆಯಲ್ಲಿದೆಯೋ ಅದನ್ನು ತೆಗೆದುಕೊಳ್ಳಿ. ಒಂದನ್ನು ಆಳವಾಗಿ ಕಲಿತವರಿಗೆ ಇನ್ನೊಂದಕ್ಕೆ ಹೊರಳುವುದು ಕಷ್ಟವಲ್ಲ. ಎರಡೂ ಕಡೆ ಒಂದು ಪ್ರವೇಶ ಹಂತದ ಪರೀಕ್ಷೆ ಇದೆ: ಅಮೆಜಾನ್‌ನಲ್ಲಿ ಕ್ಲೌಡ್ ಪ್ರಾಕ್ಟೀಷನರ್, ಮೈಕ್ರೋಸಾಫ್ಟ್‌ನಲ್ಲಿ ಎಝೆಡ್-900. ಇವು ಪರಿಭಾಷೆಯನ್ನೂ ಸೇವೆಗಳ ಹೆಸರುಗಳನ್ನೂ ಪರಿಚಯಿಸುತ್ತವೆ. ಮಾರಾಟ, ಲೆಕ್ಕಪತ್ರ, ಯೋಜನಾ ನಿರ್ವಹಣೆಯಲ್ಲಿರುವವರಿಗೆ ಸಾಕಾಗುತ್ತವೆ. ತಾಂತ್ರಿಕ ಕೆಲಸ ಹುಡುಕುವವರಿಗೆ ಸಾಲುವುದಿಲ್ಲ. ಅವರ ಗುರಿ ಮುಂದಿನ ಹಂತದ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಅಥವಾ ಎಝೆಡ್-104 ಆಗಿರಬೇಕು. ಅಮೆಜಾನ್‌ನ ದಾರಿಯಲ್ಲಿ ಒಂದು ಲೆಕ್ಕಾಚಾರವನ್ನು ಗಮನಿಸಿ. ಕ್ಲೌಡ್ ಪ್ರಾಕ್ಟೀಷನರ್ ಶುಲ್ಕ 100 ಡಾಲರ್, ಅಸೋಸಿಯೇಟ್ ಶುಲ್ಕ 150 ಡಾಲರ್. ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮುಂದಿನ ಪರೀಕ್ಷೆಗೆ ಅರ್ಧ ಶುಲ್ಕದ ರಿಯಾಯಿತಿ ಸಿಗುತ್ತದೆ. ಹಾಗಾಗಿ ಎರಡನ್ನೂ ಬರೆದರೆ ಆಗುವ ವೆಚ್ಚ 175 ಡಾಲರ್, ಅಂದರೆ ನೇರವಾಗಿ ಅಸೋಸಿಯೇಟ್ ಬರೆಯುವುದಕ್ಕಿಂತ 25 ಡಾಲರ್ ಮಾತ್ರ ಹೆಚ್ಚು. ಮೇಲ್ವಿಚಾರಣೆಯ ಪರೀಕ್ಷೆಯನ್ನು ಎಂದೂ ಬರೆಯದವರು, ಇಂಗ್ಲಿಷಿನ ಉದ್ದುದ್ದ ಪ್ರಶ್ನೆಗಳಿಗೆ ಅಂಜುವವರು ಆ ಮೊತ್ತ ಕೊಟ್ಟು ಮೊದಲ ಮೆಟ್ಟಿಲನ್ನು ಹತ್ತುವುದರಲ್ಲಿ ತಪ್ಪೇನಿಲ್ಲ, ಆದರೆ ಅಲ್ಲೇ ನಿಲ್ಲಬಾರದು.

ಸೈಬರ್ ಸೆಕ್ಯುರಿಟಿಯ ವಿಷಯದಲ್ಲಿ ಹೊಸಬರನ್ನು ದಾರಿ ತಪ್ಪಿಸುವವರು ಬಹಳ. ಅನುಭವಿ ಭದ್ರತಾ ತಜ್ಞರ ಪ್ರಮಾಣಪತ್ರವಾದ ಸಿಐಎಸ್‌ಎಸ್‌ಪಿ ಹೆಸರು ಎಲ್ಲೆಡೆ ಕೇಳಿಬರುತ್ತದೆಯಾದರೂ ಅದರ ಪೂರ್ಣ ಪ್ರಮಾಣಪತ್ರಕ್ಕೆ ಎಂಟು ವಿಷಯ ವಿಭಾಗಗಳ ಪೈಕಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷಗಳ ಕೆಲಸದ ಅನುಭವ ಬೇಕು. ಪದವಿ ಮುಂತಾದವುಗಳಿಂದ ಒಂದು ವರ್ಷದ ವಿನಾಯಿತಿ ಸಿಗಬಹುದು, ಅಷ್ಟೇ. ಎಥಿಕಲ್ ಹ್ಯಾಕಿಂಗ್ ಎಂಬ ಹೆಸರಿನ ಆಕರ್ಷಣೆಗೆ ಒಳಗಾಗಿ ದುಬಾರಿ ತರಬೇತಿಗೆ ಸೇರುವ ಮುನ್ನ, ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್‌ನ ಮೊದಲ ಹಂತದ ವಿಶ್ಲೇಷಕರು ದಿನವಿಡೀ ಮಾಡುವುದೇನು ಎಂಬುದನ್ನು ತಿಳಿದುಕೊಳ್ಳಿ. ಅವರು ಪಾಳಿಯಲ್ಲಿ ಕುಳಿತು ಎಚ್ಚರಿಕೆಗಳನ್ನು ಪರಿಶೀಲಿಸುತ್ತಾರೆ, ಲಾಗ್‌ಗಳನ್ನು ಓದುತ್ತಾರೆ, ಸುಳ್ಳು ಎಚ್ಚರಿಕೆಯನ್ನು ನಿಜವಾದ ದಾಳಿಯಿಂದ ಬೇರ್ಪಡಿಸುತ್ತಾರೆ. ಅದಕ್ಕೆ ಬೇಕಾಗುವುದು ನೆಟ್‌ವರ್ಕ್, ಲಿನಕ್ಸ್ ಮತ್ತು ವಿಂಡೋಸ್‌ನ ಗಟ್ಟಿ ತಿಳಿವಳಿಕೆ. ಆದ್ದರಿಂದ ಸಿಸಿಎನ್‌ಎ ಓದಿ ಆಮೇಲೆ ಸೆಕ್ಯುರಿಟಿ ಪ್ಲಸ್ ಅಥವಾ ಮೈಕ್ರೋಸಾಫ್ಟ್‌ನ ಭದ್ರತಾ ಪರೀಕ್ಷೆ ಎಸ್‌ಸಿ-200 ಕಡೆಗೆ ಬರುವುದು ಹೆಚ್ಚು ಭದ್ರವಾದ ಕ್ರಮ. ಐಎಸ್‌ಸಿ2 ಸಂಸ್ಥೆಯ ಸಿಸಿ ಎಂಬ ಆರಂಭಿಕ ಪರೀಕ್ಷೆಗೆ ಅನುಭವ ಬೇಕಿಲ್ಲ, ಆದರೆ ತೇರ್ಗಡೆಯಾದ ಮೇಲೆ ಪ್ರತಿ ವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಟೆಸ್ಟಿಂಗ್‌ಗೆ ಐಎಸ್‌ಟಿಕ್ಯೂಬಿ ಫೌಂಡೇಶನ್ ಸಾಕು. 40 ಪ್ರಶ್ನೆಗಳು, 65 ಶೇಕಡಾ ಅಂಕ, ಪ್ರಮಾಣಪತ್ರದ ಅವಧಿ ಮುಗಿಯುವ ಚಿಂತೆ ಇಲ್ಲ. ಕಂಪನಿಗಳ ಒಳಗಿನ ಸೇವಾ ಕೋರಿಕೆಗಳನ್ನು ನಿರ್ವಹಿಸುವ ಸರ್ವಿಸ್‌ನೌ ಮತ್ತು ಗ್ರಾಹಕರ ಮಾಹಿತಿ ನಿರ್ವಹಿಸುವ ಸೇಲ್ಸ್‌ಫೋರ್ಸ್ ತಂತ್ರಾಂಶಗಳ ಅಡ್ಮಿನಿಸ್ಟ್ರೇಟರ್ ಪರೀಕ್ಷೆಗಳನ್ನು ಹೊಸಬರು ಅಷ್ಟಾಗಿ ಗಮನಿಸುವುದಿಲ್ಲ. ಸೇವಾ ಕಂಪನಿಗಳಲ್ಲಿ ಈ ಕೆಲಸ ಧಾರಾಳವಾಗಿದೆ, ಎರಡೂ ಕಂಪನಿಗಳು ಅಭ್ಯಾಸಕ್ಕೆ ಉಚಿತ ವ್ಯವಸ್ಥೆಯನ್ನು ಕೊಡುತ್ತವೆ, ಕಂಪ್ಯೂಟರ್ ಸೈನ್ಸ್ ಓದದವರಿಗೂ ಪ್ರವೇಶ ಸಾಧ್ಯ.

ಪ್ರೋಗ್ರಾಮಿಂಗ್ ಹುದ್ದೆಯನ್ನೇ ಬಯಸುವವರಿಗೆ ಬೇರೆ ಮಾತು ಹೇಳಬೇಕು. ಜಾವಾ, ಪೈಥಾನ್ ಅಥವಾ ವೆಬ್ ಅಭಿವೃದ್ಧಿಯ ಕೆಲಸಕ್ಕೆ ಮೊದಲ ವರ್ಷಗಳಲ್ಲಿ ಯಾವ ಸರ್ಟಿಫಿಕೇಶನ್ನೂ ಅಗತ್ಯವಿಲ್ಲ. ಸಂದರ್ಶನದಲ್ಲಿ ಕೋಡ್ ಬರೆಸುತ್ತಾರೆ. ಆ ಹಣವನ್ನು ಉಳಿಸಿ, ಅದೇ ಸಂಜೆಗಳಲ್ಲಿ ಬಳಸಲು ಬರುವಂತಹ ಒಂದು ಸಣ್ಣ ತಂತ್ರಾಂಶವನ್ನು ಕಟ್ಟಿ ಗಿಟ್‌ಹಬ್‌ನಲ್ಲಿ ಇಡುವುದು ಎಷ್ಟೋ ಉತ್ತಮ.

ಶುಲ್ಕ, ಅವಧಿ, ಆವೃತ್ತಿ

ಡಾಲರ್‌ನಲ್ಲಿ ಹೇಳಿದ ಶುಲ್ಕಕ್ಕೆ ನಮ್ಮಲ್ಲಿ ಶೇ 18 ಜಿಎಸ್‌ಟಿ ಸೇರುತ್ತದೆ. 300 ಡಾಲರ್‌ನ ಸಿಸಿಎನ್‌ಎ ತೆರಿಗೆ ಸೇರಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಬರುತ್ತದೆ. ಸೋತರೆ ಮತ್ತೆ ಪೂರ್ತಿ ಶುಲ್ಕ. ಅಮೆಜಾನ್ ಪರೀಕ್ಷೆಗಳಲ್ಲಿ ಹದಿನಾಲ್ಕು ದಿನ ಕಾಯಲೂ ಬೇಕು. ಪ್ರಮಾಣಪತ್ರದ ಅವಧಿಯನ್ನೂ ನೋಡಿಕೊಳ್ಳಿ: ಸಿಸಿಎನ್‌ಎ, ಆರ್‌ಎಚ್‌ಸಿಎಸ್‌ಎ ಮತ್ತು ಎಡಬ್ಲ್ಯುಎಸ್ ಪ್ರಮಾಣಪತ್ರಗಳು ಮೂರು ವರ್ಷ ಚಾಲ್ತಿಯಲ್ಲಿರುತ್ತವೆ. ಎಝೆಡ್-104 ಒಂದೇ ವರ್ಷದ್ದಾದರೂ ಅದನ್ನು ಮನೆಯಲ್ಲೇ ಕುಳಿತು ಉಚಿತವಾಗಿ ನವೀಕರಿಸಬಹುದು. ಎಝೆಡ್-900ಕ್ಕೆ ಕೊನೆಯ ದಿನಾಂಕವೇ ಇಲ್ಲ.

ಪರೀಕ್ಷೆಗಳೂ ಹಳೆಯದಾಗುತ್ತವೆ. ಒಂದು ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಪ್ರಮಾಣಪತ್ರ 2021ರ ಜನವರಿ 31ರಂದು ನಿವೃತ್ತವಾಯಿತು. ಅಣ್ಣನೋ ಅಕ್ಕನೋ ಹತ್ತು ವರ್ಷದ ಹಿಂದೆ ಮಾಡಿದ್ದನ್ನೇ ಮಾಡಲು ಹೊರಡುವ ಮುನ್ನ ಆ ಕಂಪನಿಯ ಅಧಿಕೃತ ತಾಣದಲ್ಲಿ ಈಗಿನ ಪರೀಕ್ಷೆಯ ಸಂಕೇತವನ್ನು ನೋಡಿ, ಪುಸ್ತಕ ಮತ್ತು ವೀಡಿಯೋಗಳೂ ಅದೇ ಸಂಕೇತದವೇ ಎಂದು ಖಚಿತಪಡಿಸಿಕೊಳ್ಳಿ.

ಓದುವ ಬಗೆ

ಅಧಿಕೃತ ಪರೀಕ್ಷಾ ವಿಷಯಸೂಚಿಯನ್ನು ಮುದ್ರಿಸಿಟ್ಟುಕೊಂಡು, ಅದರ ಪ್ರತಿ ಸಾಲನ್ನೂ ಯಂತ್ರದ ಮೇಲೆ ಮಾಡಿ ನೋಡಿದ ಮೇಲಷ್ಟೇ ಗುರುತು ಹಾಕುತ್ತಾ ಹೋಗಿ. ಲಿನಕ್ಸ್ ಕಲಿಯಲು ರೆಡ್ ಹ್ಯಾಟ್ ವ್ಯಕ್ತಿಗತ ಡೆವಲಪರ್‌ಗಳಿಗೆ ಹದಿನಾರು ಯಂತ್ರಗಳವರೆಗೆ ಉಚಿತ ಚಂದಾ ಕೊಡುತ್ತದೆ. ರೆಡ್ ಹ್ಯಾಟ್ ಲಿನಕ್ಸ್‌ಗೆ ಹೊಂದುವ ಉಚಿತ ಆವೃತ್ತಿಗಳಾದ ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್ ಬಳಸಿದರೂ ಅಭ್ಯಾಸಕ್ಕೆ ಕೊರತೆಯಾಗದು. ಕ್ಲೌಡ್ ಖಾತೆ ತೆರೆದವರು ಮೊದಲ ದಿನವೇ ವೆಚ್ಚದ ಎಚ್ಚರಿಕೆಯನ್ನು ಹೊಂದಿಸಬೇಕು. ಕ್ಲೌಡ್‌ನ ಖಾಸಗಿ ಯಂತ್ರಗಳನ್ನು ಅಂತರಜಾಲಕ್ಕೆ ಜೋಡಿಸುವ ನ್ಯಾಟ್ ಗೇಟ್‌ವೇಯಂತಹ ಸೇವೆ ಬಳಸಿದರೂ ಬಳಸದಿದ್ದರೂ ಗಂಟೆಯ ಲೆಕ್ಕದಲ್ಲಿ ಬಿಲ್ ಏರಿಸುತ್ತದೆ, ಅಭ್ಯಾಸ ಮುಗಿದೊಡನೆ ಅಳಿಸಿಬಿಡಿ.

ಬೆಂಗಳೂರಿನ ಮಾರತ್‌ಹಳ್ಳಿ, ಬಿಟಿಎಂ ಲೇಔಟ್‌ಗಳಲ್ಲಿ ತರಬೇತಿ ಕೇಂದ್ರಗಳ ಸಾಲೇ ಇದೆ. ಅಲ್ಲಿ ಒಳ್ಳೆಯ ಶಿಕ್ಷಕರೂ ಇದ್ದಾರೆ. ಒಂಟಿಯಾಗಿ ಓದಲಾಗದವರಿಗೆ ತರಗತಿಯಿಂದ ನಿಜವಾಗಿಯೂ ಪ್ರಯೋಜನವಿದೆ. ಹಣ ಕಟ್ಟುವ ಮುನ್ನ ಒಂದು ತರಗತಿಯಲ್ಲಿ ಕುಳಿತು ನೋಡಿ, ಲ್ಯಾಬ್‌ಗೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂದು ಕೇಳಿ, ಪರೀಕ್ಷಾ ಶುಲ್ಕ ಒಟ್ಟು ಮೊತ್ತದಲ್ಲಿ ಸೇರಿದೆಯೇ ಎಂದು ವಿಚಾರಿಸಿ. ತೇರ್ಗಡೆಯ ಖಾತರಿ ಕೊಡುತ್ತೇವೆ ಎನ್ನುವವರಿಂದ ಮಾತ್ರ ದೂರವಿರಿ. ಆ ಖಾತರಿಯ ಹಿಂದೆ ಇರುವುದು ಹೆಚ್ಚಾಗಿ ಡಂಪ್, ಅಂದರೆ ಕದ್ದು ತಂದ ನಿಜವಾದ ಪ್ರಶ್ನೆಗಳ ಪಟ್ಟಿ. ಅದನ್ನು ಬಳಸುವುದು ಪರೀಕ್ಷೆಯ ಆರಂಭದಲ್ಲಿ ನೀವು ಒಪ್ಪುವ ಕರಾರಿನ ಉಲ್ಲಂಘನೆ; ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ, ಮತ್ತೆ ಪರೀಕ್ಷೆ ಬರೆಯದಂತೆ ನಿಷೇಧವೂ ಬರಬಹುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇರುವ ಒಂದು ಸೌಲಭ್ಯ ಹಲವರಿಗೆ ತಿಳಿದೇ ಇಲ್ಲ. ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆ ಅಮೆಜಾನ್ ತನ್ನ ಪರೀಕ್ಷೆಗಳಲ್ಲಿ ಮೂವತ್ತು ನಿಮಿಷ ಹೆಚ್ಚುವರಿ ಕೊಡುತ್ತದೆ. ಪರೀಕ್ಷೆಯ ದಿನ ಗೊತ್ತುಮಾಡುವ ಮೊದಲೇ ಖಾತೆಯಲ್ಲಿ ಅದನ್ನು ಕೋರಿಕೊಳ್ಳಬೇಕು. ಐಎಸ್‌ಟಿಕ್ಯೂಬಿಯಲ್ಲಿ ಇದೇ ಕಾರಣಕ್ಕೆ ಕಾಲು ಭಾಗದಷ್ಟು ಹೆಚ್ಚು ಸಮಯ, ಅಂದರೆ 60 ನಿಮಿಷಕ್ಕೆ 15 ನಿಮಿಷ, ದೊರೆಯುತ್ತದೆ. ಇದನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ.

ಹೆಸರು ನೋಂದಾಯಿಸುವಾಗ

ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದೋ ಮನೆಯಿಂದ ಬರೆಯುವುದೋ ಎಂಬ ಆಯ್ಕೆ ಹಲವು ಪರೀಕ್ಷೆಗಳಲ್ಲಿದೆ. ಮನೆಯಿಂದ ಬರೆಯುವವರು ಖಾಲಿ ಮೇಜು, ಮುಚ್ಚಿದ ಬಾಗಿಲು ಮತ್ತು ಪರೀಕ್ಷೆಯುದ್ದಕ್ಕೂ ಚಾಲೂ ಇರುವ ಕ್ಯಾಮೆರಾದ ಷರತ್ತಿಗೆ ಒಪ್ಪಬೇಕು. ನಡುವೆ ಯಾರಾದರೂ ಕೋಣೆಗೆ ಬಂದರೆ ಪರೀಕ್ಷೆ ನಿಲ್ಲಿಸುವ ಅಧಿಕಾರ ಮೇಲ್ವಿಚಾರಕರಿಗಿದೆ. ವಿದ್ಯುತ್ ಮತ್ತು ಇಂಟರ್ನೆಟ್ ಬಗ್ಗೆ ಭರವಸೆ ಇಲ್ಲದ ಊರಿನವರು ಬಸ್ಸಿನ ಖರ್ಚಾದರೂ ಸರಿ, ಕೇಂದ್ರಕ್ಕೆ ಹೋಗುವುದೇ ಕ್ಷೇಮ.

ನೋಂದಣಿಯಲ್ಲಿ ಕೊಟ್ಟ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಹೊಂದಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಶುಲ್ಕವೂ ಹೋಗುತ್ತದೆ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು, ಇನ್ನೊಂದು ಚೀಟಿಯಲ್ಲಿ ಊರಿನ ಹೆಸರೂ ಸೇರಿಕೊಂಡಿರುವುದು ಸಾಮಾನ್ಯ. ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವಂತೆಯೇ ಮೊದಲ ಹೆಸರು ಮತ್ತು ಕೊನೆಯ ಹೆಸರುಗಳನ್ನು ತುಂಬಿ. ಇಲ್ಲದಿದ್ದರೆ ನಿಮ್ಮ ಪರೀಕ್ಷೆಗೆ ಒಪ್ಪಿತವಾದ ಚೀಟಿಗಳ ಪಟ್ಟಿಯನ್ನು ನೋಡಿ, ಅದರಲ್ಲೊಂದನ್ನು ಆರಿಸಿ, ಅಕ್ಷರ ಅಕ್ಷರವೂ ಅದರಂತೆಯೇ ಬರೆಯಿರಿ. ಹೆಸರಿನಲ್ಲಿ ವ್ಯತ್ಯಾಸ ಕಂಡುಬಂದರೆ ಪರೀಕ್ಷೆಯ ದಿನದವರೆಗೆ ಕಾಯದೆ ಸಹಾಯ ವಿಭಾಗಕ್ಕೆ ಬರೆದು, ಸರಿಪಡಿಸಿದ ದೃಢೀಕರಣ ಬಂದ ಮೇಲೆಯೇ ಪರೀಕ್ಷೆಯ ದಿನವನ್ನು ಗೊತ್ತುಮಾಡಿ.